ಕೊನೆಯ ಸದ್ದು ಬರುವವರೆಗೆ

ನಮ್ಮ ಶಾಲೆಯ ಚಿಕ್ಕ ಮಕ್ಕಳ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇರುವುದು ಒಂದು ಬಟ್ಟೆಯ ಕಪ್ಪೆಗೆ. ಹೆಸರು ನಾರ್ಮನ್. ಟೀಚರ್ ಮಿಸ್ ಪಿಲ್ಕಿಂಗ್ಟನ್ ಅದರೊಳಗೆ ಕೈ ತೂರಿಸಿದರೆ ಅದು ಮಾತನಾಡುತ್ತದೆ, ಆದರೆ ತುಂಡು ತುಂಡಾಗಿ. ಟೋಪಿ ಎನ್ನಲು ಅದಕ್ಕೆ ಬಾರದು, ‘ಟ್... ಓ... ಪ್... ಇ’ ಎನ್ನುತ್ತದೆ. ಮಕ್ಕಳು ಆ ತುಂಡುಗಳನ್ನು ಬೆಸೆದು ‘ಟೋಪಿ’ ಎಂದು ಕೂಗಬೇಕು. ಅದು ಬಂದರೆ ಪುಸ್ತಕದ ಅಕ್ಷರಗಳನ್ನು ಬೆಸೆಯುವುದೂ ಬರುತ್ತದೆ. ಕಪ್ಪೆಯ ಎದುರು ಒಂದೇ ಕಟ್ಟಪ್ಪಣೆ: ಕೊನೆಯ ಸದ್ದು ಬರುವವರೆಗೆ ತುಟಿಯ ಮೇಲೆ ಬೆರಳು. ನಡುವೆ ಊಹಿಸಿ ಕೂಗಿದವರಿಗೆ ನಾರ್ಮನ್ ಬೆನ್ನು ತಿರುಗಿಸುತ್ತಾನೆ. ಐದು ವರ್ಷದವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ನಾನು ಅಲ್ಲಿ ಸಹಾಯಕಿ. ಮೂಗು ಒರೆಸುವುದು, ಕೋಟಿನ ಗುಂಡಿ ಹಾಕುವುದು, ಹಿಂದೆ ಬಿದ್ದವರನ್ನು ಮೂಲೆಯಲ್ಲಿ ಕೂರಿಸಿಕೊಂಡು ಸದ್ದು ತಿದ್ದುವುದು. ಆ ಕಪ್ಪೆಯೆಂದರೆ ನನಗೆ ಅಷ್ಟಕ್ಕಷ್ಟೆ. ಅದನ್ನು ಒಗೆಯುವವಳು ನಾನು ತಾನೆ.

ನಮ್ಮ ತರಗತಿಯ ಡೆಲ್ಲಾ ಎಂಬ ಹುಡುಗಿಯ ತಾತ ಕ್ಲಿಫರ್ಡ್ ಎಂಟ್‌ವಿಸ್ಲ್ ಊರಿಗೆಲ್ಲ ಗೊತ್ತಿದ್ದ ಬಾಯಿಬಡುಕ. ಪಕ್ಕದ ಪಟ್ಟಣ ಬರ್ನ್‌ಲಿಗೆ ಹೋಗುವ ಬಸ್ಸು ಓಡಿಸುತ್ತಿದ್ದ. ನನ್ನ ಮದುವೆಯ ದಿನ ಚರ್ಚಿನ ಮುಂದೆ ಬಸ್ಸು ನಿಲ್ಲಿಸಿ, ‘ಇನ್ನೂ ಟೈಮಿದೆ ಕಣೇ, ಹತ್ಕೋ, ಓಡಿಹೋಗೋಣ’ ಎಂದು ಕೂಗಿದ್ದ. ಬಸ್ಸಿನ ತುಂಬ ಜನ ನಕ್ಕಿದ್ದರು. ನನ್ನ ಗಂಡ ಮಾತ್ರ ನಕ್ಕಿರಲಿಲ್ಲ.

ಕಳೆದ ಶರತ್ಕಾಲದಲ್ಲಿ ಕ್ಲಿಫರ್ಡ್‌ಗೆ ಲಕ್ವ ಹೊಡೆಯಿತು. ಬುದ್ಧಿ ಚುರುಕಾಗಿಯೇ ಉಳಿಯಿತು, ಕಾಲು, ನಾಲಿಗೆ ಕೈಕೊಟ್ಟವು. ಒಂದೊಂದು ಸದ್ದನ್ನೂ ಹುಡುಕಿ ತಂದು ಹೊರಗಿಡಬೇಕು. ಮಗಳು, ಡೆಲ್ಲಾಳ ಅಮ್ಮ ಜಾನೆಟ್‌ಗೆ ಅಷ್ಟು ಹೊತ್ತು ಕಾಯುವ ವ್ಯವಧಾನವೆಲ್ಲಿ? ಬೇಕರಿಯ ಪಾಳಿ, ಮಗು, ಅಪ್ಪನ ಗಾಲಿಕುರ್ಚಿ, ಎಲ್ಲ ಅವಳೊಬ್ಬಳದೇ. ಶಾಲೆಯ ಗೇಟಿನ ಬಳಿ ಅವನು ‘ಚ್...’ ಎಂದರೆ ಸಾಕು, ‘ಚಳಿನಾ ಅಪ್ಪಾ? ಚಹಾನಾ? ಚಾಕ್ಲೇಟಾ?’ ಎಂದು ಮೇಲೆ ಬೀಳುತ್ತಿದ್ದಳು. ಪ್ರೀತಿಯಿಂದಲೇ. ಅವನು ಬಾಯಿ ಮುಚ್ಚಿ ರಸ್ತೆಯ ಕಡೆ ಮುಖ ಮಾಡುತ್ತಿದ್ದ.

ಕ್ರಿಸ್‌ಮಸ್ ಹೊತ್ತಿಗೆ ಸದ್ದು ಮಾಡುವುದನ್ನೇ ಬಿಟ್ಟ. ಮಾತಿನ ಚಿಕಿತ್ಸೆಗೆ ಬರುವಾಕೆ ಸ್ಪಷ್ಟವಾಗಿ ಹೇಳಿದಳಂತೆ: ಆಡದೆ ಬಿಟ್ಟರೆ ಇರುವಷ್ಟೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ಜಾನೆಟ್ ಇದನ್ನು ಗೇಟಿನ ಬಳಿ ನನಗೆ ಹೇಳಿ, ‘ಕಾಲಿಗೆ ಬಿದ್ದು ಕೇಳಿದ್ದೀನಿ ಕಣ್ರೀ, ಒಂದು ಮಾತಾಡು ಅಂತ. ಗೋಡೆ ನೋಡ್ಕೊಂಡು ಕೂರ್ತಾನೆ’ ಎಂದಳು. ಅಂಥ ಬಾಯಿಗೆ ಇಂಥ ಗತಿಯೇ!

ವಸಂತದಲ್ಲಿ ಒಂದು ದಿನ ಮಕ್ಕಳ ಮನೆಯವರನ್ನು ತರಗತಿಗೆ ಕರೆಯುತ್ತೇವೆ. ಕಾರಣ, ಮಕ್ಕಳು ನಮ್ಮಲ್ಲಿ ಕಲಿತದ್ದನ್ನು ಅಪ್ಪ ಅಮ್ಮ ಮನೆಯಲ್ಲಿ ಕೆಡಿಸುತ್ತಾರೆ. ‘ಮ್’ ಎನ್ನುವ ಬದಲು ‘ಮ’ ಎಂದು ಸದ್ದಿಗೊಂದು ಬಾಲ ಅಂಟಿಸುತ್ತಾರೆ. ಬಾಲ ಇದ್ದರೆ ಬೆಸುಗೆ ಕೂರುವುದಿಲ್ಲ. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದೆ ಜಾನೆಟ್ ಅಪ್ಪನನ್ನೂ ತಳ್ಳಿಕೊಂಡು ಬಂದಳು. ಹಿಂದೆ, ಬಣ್ಣದ ಡಬ್ಬಿಗಳ ಪಕ್ಕದಲ್ಲಿ ಜಾಗ ಮಾಡಿಕೊಟ್ಟೆ.

ನಾರ್ಮನ್ ಎದ್ದ. ‘ಕ್... ಓ... ಳ್... ಇ’ ಎಂದ. ಮೂವತ್ತು ಬೆರಳು ತುಟಿಯಿಂದ ಒಟ್ಟಿಗೆ ಇಳಿದವು. ‘ಕೋಳಿ!’

ಆಮೇಲೆ ಹಿಂದಿನಿಂದ ಒಂದು ಸದ್ದು ಬಂತು. ‘ಬ್...’

ಜಾನೆಟ್ ಬಗ್ಗಿದಳು. ‘ಏನಪ್ಪಾ? ಬಿಸ್ಕತ್ತಾ? ಬೆನ್ನು ನೋವಾ?’

ಮಕ್ಕಳೆಲ್ಲ ತಿರುಗಿದರು. ಅವರ ಲೆಕ್ಕದಲ್ಲಿ ನಾರ್ಮನ್‌ನ ಜಾತಿಯವನೇ ಇನ್ನೊಬ್ಬ ಸಿಕ್ಕಿದ್ದ. ಒಬ್ಬೊಬ್ಬರಾಗಿ ತುಟಿಯ ಮೇಲೆ ಬೆರಳಿಟ್ಟರು. ಮುಂದಿನ ಸಾಲಿನ ಕಿಯೆರನ್ ಎಂಬ ಪುಟಾಣಿ ಸೊಂಟದ ಮೇಲೆ ಇನ್ನೊಂದು ಕೈಯಿಟ್ಟು ಎದ್ದು ನಿಂತ. ‘ಡೆಲ್ಲಾನ ಅಮ್ಮಾ, ಕೊನೇ ಸದ್ದು ಬರೋವರೆಗೂ ಸುಮ್ನಿರ್ಬೇಕು. ನಿಮಗೆ ಯಾರೂ ಹೇಳ್ಕೊಟ್ಟಿಲ್ವಾ?’

ಜಾನೆಟ್‌ಳ ಮುಖ ಕೆಂಪಾಯಿತು. ಮಿಸ್ ಪಿಲ್ಕಿಂಗ್ಟನ್ ನನ್ನತ್ತ ನೋಡಿದಳು, ನಾನು ಕಪ್ಪೆಯತ್ತ ನೋಡಿದೆ.

‘...ಆ...’ ಎಂದ ಕ್ಲಿಫರ್ಡ್. ಹಣೆಯಲ್ಲಿ ಬೆವರು. ಮಕ್ಕಳು ಕಾದರು. ದಿನಾ ಬೆಳಿಗ್ಗೆ ಮಾಡುವ ಕೆಲಸವದು. ಅವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ, ಅಯ್ಯೋ ಪಾಪ ಎನ್ನುವಂಥದ್ದೂ ಇರಲಿಲ್ಲ. ‘...ಯ್.’

‘ಬಾಯ್!’ ಎಂದು ಮೂವತ್ತು ಗಂಟಲು ಕೂಗಿತು.

ಅವನ ಹುಬ್ಬು ಮೇಲೇರಿತು. ಸೋತ ತುಟಿಯ ಒಂದು ಮೂಲೆ ಅಲುಗಿತು. ಬಸ್ಸಿನ ಕಿಟಕಿಯಲ್ಲಿ ಕಾಣುತ್ತಿದ್ದ ಆ ಹಳೆಯ ಪೋಕರಿತನ ನನಗೆ ಗುರುತು ಸಿಕ್ಕಿತು. ಆದರೆ ತಡೆಯಲು ಹೊತ್ತು ಮೀರಿತ್ತು.

‘ಮ್... ಉ... ಚ್... ಚ್... ಉ.’

ಸುಮಾರು ಹೊತ್ತು ಹಿಡಿಯಿತು. ಹೊರಗೆ ಹಾಲಿನ ಗಾಡಿ ಬಂದು ಹೋಯಿತು. ಒಂದು ಬೆರಳೂ ತುಟಿಯಿಂದ ಇಳಿದಿರಲಿಲ್ಲ.

‘ಮುಚ್ಚು!’ ಎಂದು ಮಕ್ಕಳು ಕುಣಿದರು. ‘ಬಾಯ್ಮುಚ್ಚು! ಬಾಯ್ಮುಚ್ಚು! ಮಿಸ್, ಡೆಲ್ಲಾನ ತಾತ ಅವರಮ್ಮಂಗೆ ಬಾಯ್ಮುಚ್ಚು ಅಂದ್ರು!’

ನಮ್ಮ ತರಗತಿಯಲ್ಲಿ ಅದು ಆಡಬಾರದ ಮಾತು. ಆಡಿದವರು ಗೋಡೆಯ ಬಳಿ ನಿಲ್ಲಬೇಕು. ಮಿಸ್ ಪಿಲ್ಕಿಂಗ್ಟನ್ ಏನೋ ಹೇಳಲು ಹೊರಟು, ‘ಒಂದು ಸದ್ದಿಗೂ ಬಾಲ ಇರ್ಲಿಲ್ಲ’ ಎಂದಷ್ಟೇ ಹೇಳಿದಳು.

ಜಾನೆಟ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. ನಾನಂತೂ ಅತ್ತೆ. ಅಳುತ್ತಲೇ ಕಾಗದದ ಕರವಸ್ತ್ರ ಹಂಚಿದೆ, ಅದೂ ನನ್ನ ಕೆಲಸವೇ.

‘ತಾತ, ಇನ್ನೊಂದು ಹೇಳು’ ಎಂದಳು ಡೆಲ್ಲಾ.

ಮರುದಿನ ಬೆಳಿಗ್ಗೆ ಗೇಟಿನ ಬಳಿ ತುಂತುರು ಮಳೆ, ಎದುರುಗಾಳಿ. ಕ್ಲಿಫರ್ಡ್‌ನ ಮೂಗು ಕೆಂಪಾಗಿತ್ತು. ಅವನ ಕೈಗವಸು ಜಾನೆಟ್‌ಳ ಕೈಯಲ್ಲೇ ಇತ್ತು.

‘ಚ್...’ ಎಂದ.

ಯಾರಿಗಾದರೂ ಗೊತ್ತಾಗುವ ಮಾತು. ನನಗೇ ಬಾಯಿ ತುರಿಸಿತು. ಜಾನೆಟ್ ತುಟಿಯ ಮೇಲೆ ಬೆರಳಿಟ್ಟು ನಿಂತಳು. ಡೆಲ್ಲಾ ಪಕ್ಕದಲ್ಲಿ ಹಾಗೆಯೇ ನಿಂತಳು.

‘...ಅ... ಳ್...’

ಗಂಟೆ ಹೊಡೆಯಿತು. ಜನ ಅವರನ್ನು ಸುತ್ತಿ ಒಳಗೆ ಹೋದರು. ಜಾನೆಟ್‌ಗೆ ಬೇಕರಿಗೆ ಹೊತ್ತಾಗಿತ್ತು. ಅವಳು ಗಡಿಯಾರ ನೋಡಲಿಲ್ಲ.

‘...ಇ.’

‘ಚಳಿ!’ ಎಂದಳು ಜಾನೆಟ್, ಆ ಮಾತನ್ನು ಅದೇ ಮೊದಲು ಕೇಳಿದವಳಂತೆ. ಆಮೇಲೆ ಬಗ್ಗಿ ಅಪ್ಪನ ಕೈಗೆ ಕೈಗವಸು ಹಾಕಿದಳು.