ಗೋಡೆಯ ಪರವಾಗಿ ಒಂದು ಕಾಮೆಂಟು

ಅವಳು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಚೆಂಡು ಅವಳನ್ನು ದಾಟುವುದು ಅಪರೂಪವಾದ್ದರಿಂದ ಅಭಿಮಾನಿಗಳು ‘ಗೋಡೆ’ ಎಂದೇ ಕರೆಯುತ್ತಿದ್ದರು. ಆ ಹೆಸರು ಎಲ್ಲರಿಗಿಂತ ಹೆಚ್ಚು ಹಿಡಿಸಿದ್ದು ಅವಳ ಅಪ್ಪನಿಗೆ. ಅಪ್ಪ ದರ್ಜಿ. ತಾಯಿಯಿಲ್ಲದ ಮಗಳನ್ನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಬೆಳೆಸಿದವನು. ಕೋಟಿನ ಭುಜಕ್ಕಿಡುವ ಸ್ಪಂಜನ್ನು ಒಳಗಿಟ್ಟು ಅವಳ ಮೊದಲ ಕೈಗವಸು ಹೊಲಿದುಕೊಟ್ಟವನೂ ಅವನೇ.

ಸೆಮಿಫೈನಲ್ ಹೊತ್ತಿಗೆ ಅವಳ ಎಡ ಮಂಡಿ ಊದಿಕೊಳ್ಳತೊಡಗಿತ್ತು. ಕೋಚ್‌ಗೆ ಹೇಳಿದರೆ ರಾಷ್ಟ್ರೀಯ ಶಿಬಿರದ ಅವಕಾಶ ಕೈತಪ್ಪುತ್ತದೆ. ಹೇಳಿಕೊಂಡದ್ದು ಅಪ್ಪನೊಬ್ಬನ ಹತ್ತಿರ. ಅವನು ಅಗಲದ ಎಲಾಸ್ಟಿಕ್ ಕತ್ತರಿಸಿ, ಮಂಡಿಗೆ ಸರಿಯಾಗಿ ಕೂರುವಂಥ ಪಟ್ಟಿ ಮಾಡಿಕೊಟ್ಟ.

“ಯಾರ ಹತ್ರನೂ ಬಾಯಿ ಬಿಡ್ಬೇಡಪ್ಪ.”

“ನನ್ನ ಬಾಯಿಗೆ ಹೊಲಿಗೆ ಬಿತ್ತು ಅಂದ್ಕೋ.”

ಸೆಮಿಫೈನಲ್‌ನಲ್ಲಿ ತಂಡ ಸೋತಿತು. ಕೊನೆಯ ಗೋಲು ಅವಳ ಎಡಗಡೆಯಿಂದಲೇ ನುಗ್ಗಿತು. ಹಾರಬೇಕಾದ ಕಾಲು ನೆಲ ಬಿಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರ ಮುಖ ಸಪ್ಪಗಿತ್ತು. ನಗಿಸೋಣವೆಂದು ಪಕ್ಕದ ಸೀಟಿನ ಗೆಳತಿ, ಅದೇ ತಂಡದ ಡಿಫೆಂಡರ್, ಫೋನಿನಲ್ಲಿ ಪಂದ್ಯದ ಸುದ್ದಿಯ ಕೆಳಗಿದ್ದ ಕಾಮೆಂಟುಗಳನ್ನು ಗಟ್ಟಿಯಾಗಿ ಓದತೊಡಗಿದಳು. “ಗೋಡೆ ಬಿರುಕು ಬಿಟ್ಟಿದೆ, ಸಿಮೆಂಟ್ ತನ್ನಿ” ಎಂದು ಒಬ್ಬ ಬರೆದಿದ್ದ. ಅದರಡಿ ನಿಜವಾದ ಗಾರೆ ಕೆಲಸದವನೊಬ್ಬ ತನ್ನ ಫೋನ್ ನಂಬರ್ ಹಾಕಿದ್ದ. “ನಮ್ಮನೆ ಬಚ್ಚಲೂ ಸೋರುತ್ತೆ, ಬರ್ತೀರಾ?” ಎಂದು ಮತ್ತೊಬ್ಬ. ಈಗಿನವರು ಹಾಲು ಕುಡಿಯದಿರುವುದೇ ಸೋಲಿಗೆ ಕಾರಣ ಎಂದು ಶುರುವಾದ ವಾದ, ಹಸುವಿನ ಹಾಲೋ ಎಮ್ಮೆಯ ಹಾಲೋ ಎಂಬಲ್ಲಿ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿತ್ತು. “ಟಾಸ್ ಗೆದ್ದು ಬ್ಯಾಟಿಂಗ್ ತಗೋಬೇಕಿತ್ತು” ಎಂದಿದ್ದ ಮಹಾನುಭಾವನೂ ಇದ್ದ. ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು.

ಇದ್ದಕ್ಕಿದ್ದಂತೆ ಗೆಳತಿ ಓದುವುದನ್ನು ನಿಲ್ಲಿಸಿದಳು. ಇವಳು ಅವಳ ಕೈಯಿಂದ ಫೋನ್ ಕಸಿದುಕೊಂಡು ನೋಡಿದಳು.

‘ಸಿಡಿಲಮರಿ’ ಎಂಬವನು ಅವಳು ದುಡ್ಡು ತಿಂದು ಗೋಲು ಬಿಟ್ಟಳೆಂದು ಬರೆದಿದ್ದ. ಅದಕ್ಕೆ ‘ಸತ್ಯವಂತ’ ಎಂಬ ಹೆಸರಿನಲ್ಲಿ ಉತ್ತರ ಬಂದಿತ್ತು: “ತಿಳೀದೆ ಮಾತಾಡ್ಬೇಡ. ಅವಳ ಎಡ ಮಂಡಿಯಲ್ಲಿ ನೀರು ತುಂಬಿದೆ. ಎಲಾಸ್ಟಿಕ್ ಪಟ್ಟಿ ಬಿಗಿದು ಆಡ್ತಿದಾಳೆ. ಕೋಚ್‌ಗೂ ಗೊತ್ತಿಲ್ಲ.”

“ನೀನ್ಯಾರು, ಅವಳಪ್ಪನಾ?”

“ಅಲ್ಲ. ನನಗೂ ಅವಳಿಗೂ ಸಂಬಂಧ ಇಲ್ಲ. ನ್ಯಾಯ ಹೇಳ್ತಿದೀನಿ ಅಷ್ಟೆ.”

“ಹಾಗಾದ್ರೆ ನೋವು ಮುಚ್ಚಿಟ್ಟು ಆಡಿದ್ದು ತಂಡಕ್ಕೆ ಮಾಡಿದ ಮೋಸ ಅಲ್ವಾ?”

“ಅದನ್ನ ಒಪ್ತೀನಿ. ಇಂಥವಳನ್ನ ಹೊರಗಿಡಬೇಕಿತ್ತು.”

“ಈಗ ಸರಿಯಾಗಿ ಮಾತಾಡಿದ್ರಿ ಅಣ್ಣ,” ಎಂದು ಸಿಡಿಲಮರಿ ಕೈ ಮುಗಿದಿದ್ದ.

ಮುಂದಿನ ಸೀಟಿನಲ್ಲಿದ್ದ ಕೋಚ್ ಮೇಡಂ ಎದ್ದು ಬಂದರು. ಅವರ ಕೈಯಲ್ಲೂ ಫೋನ್ ಇತ್ತು. “ಮಂಡಿ ತೋರಿಸು,” ಅಂದರು.

ಮರುದಿನ ಶಿಬಿರದ ಪಟ್ಟಿಯಿಂದ ಅವಳ ಹೆಸರು ಹೋಯಿತು. ಅವಳು ಕುಂಟುತ್ತಲೇ ಅಪ್ಪನ ಅಂಗಡಿಗೆ ಬಂದಳು. ನೂಲಿನ ಡಬ್ಬಿಗೆ ಫೋನ್ ಒರಗಿಸಿಕೊಂಡು ಅವನು ಮೆಷಿನ್ನಿನಲ್ಲಿ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದ.

“ಬಾ ಮಗಳೇ. ಆ ಸಿಡಿಲಮರಿ ಹೇಗೆ ತಣ್ಣಗಾದ ನೋಡಿದ್ಯಾ?”

“ಶಿಬಿರದಿಂದ ನನ್ನ ತೆಗೆದ್ರಪ್ಪ.”

ಅವನ ಕಾಲು ಪೆಡಲಿನ ಮೇಲೆ ನಿಂತಿತು. “ದುಡ್ಡು ತಿಂದ್ಲು ಅಂದ ಕಣೇ. ಕೇಳ್ಕೊಂಡು ಸುಮ್ನಿರ್ಲಾ?”

“ಸಂಬಂಧ ಇಲ್ಲ ಅಂತ ಯಾಕೆ ಬರೆದೆ?”

“ಅಪ್ಪ ಅಂದ್ರೆ ಯಾರು ನಂಬ್ತಾರೆ? ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ.”

“ಹೊರಗಿಡಬೇಕಿತ್ತು ಅಂದದ್ದು?”

“ವಾದದಲ್ಲಿ ಒಂಚೂರು ಒಪ್ಕೊಂಡ್ರೇನೇ ಮಾತಿಗೆ ತೂಕ ಬರೋದು. ಅಷ್ಟು ಜನ ಲೈಕ್ ಕೊಟ್ಟಿದಾರೆ...”

ಅಷ್ಟರಲ್ಲಿ ಫೋನ್ ಟಿಣ್ ಎಂದಿತು. ಅವನ ಕಣ್ಣು ತಡೆಯಲಾರದೆ ಅತ್ತ ಹೊರಳಿತು. ಮತ್ತೆ ಮಗಳತ್ತ ತಿರುಗುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಆ ಸಂಜೆಯೇ ಅವನು ಸತ್ಯವಂತನ ಖಾತೆ ಅಳಿಸಿಹಾಕಿದ. ಆದರೆ ಬರೆದದ್ದರ ಫೋಟೊ ಊರೆಲ್ಲ ತಿರುಗುತ್ತಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿದ್ದು ಗೆಳತಿ. ಅಪ್ಪ ದಿನವೂ ಊಟದ ಡಬ್ಬಿ ತಂದ. ಅವಳು ಒಂದು ಅಗುಳೂ ಬಿಡದೆ ಉಂಡಳು. ಡಾಕ್ಟರ್ ಏನಂದರು ಎಂದು ಕೇಳಿದಾಗ ಮಾತ್ರ, “ನೋಡೋಣ ಅಂದ್ರು,” ಎಂದು ಡಬ್ಬಿಯ ಮುಚ್ಚಳ ಹಾಕಿದಳು.

ಮುಂದಿನ ಋತುವಿಗೆ ಅವಳು ತಂಡಕ್ಕೆ ಮರಳಿದಳು. ಅಪ್ಪನಿಗೆ ಗೊತ್ತಾದದ್ದು ಎಲ್ಲರಂತೆ ಕ್ರೀಡಾ ಸುದ್ದಿಯಿಂದ. ಕೂಡಲೇ ಫೋನ್ ಮಾಡಿದ.

“ವಾಪಸ್ ತಗೊಂಡ್ರಂತೆ?”

“ಹೂಂ.”

“ಮಂಡಿ ಹೇಗಿದೆಯಮ್ಮ?”



“ಸುದ್ದಿಯಲ್ಲಿ ಬಂದಿದೆಯಲ್ಲಪ್ಪ,” ಅಂದಳು. “ಅಷ್ಟೇ.”