ನೂರ ನಲವತ್ತೊಂಬತ್ತನೇ ಮನೆ

“ಅಕ್ಕ, ಇದೇ ಕೊನೇ ಪಟ್ಟಿ ತಾನೇ? ಇನ್ನೇನೂ ಉಳಿದಿಲ್ಲ ಅಲ್ವಾ?”

ದೊಡ್ಡ ಸೊಸೆ ಮೇಜಿನ ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದಳು. ಒಳಗೆ ನೀಲಿ ರಟ್ಟಿನ ನೋಟ್‌ಬುಕ್ ಇತ್ತು. “ಇರೋದೆಲ್ಲಾ ಆ ಪೆನ್‌ಡ್ರೈವಲ್ಲೇ ಇದೆ ಕಣೇ,” ಎಂದಳು.

ಚಿಕ್ಕ ಸೊಸೆ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ತನ್ನ ಮೇಜಿಗೆ ಹೆಚ್ಚುಕಡಿಮೆ ಓಡಿದಳು. ಅವಳು ನಿಧಾನವಾಗಿ ನಡೆದದ್ದನ್ನು ಆ ಕಚೇರಿಯಲ್ಲಿ ಯಾರೂ ನೋಡಿರಲಿಲ್ಲ.

ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸಕ್ಕಿದ್ದರು. ದೊಡ್ಡವಳು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಚಿಕ್ಕವಳು ಮೈದುನನ ಕೈ ಹಿಡಿದು ಮನೆಗೆ ಬಂದದ್ದು ಹೋದ ವರ್ಷ, ಆಸ್ಪತ್ರೆಗೆ ಬಂದದ್ದು ನಾಲ್ಕು ತಿಂಗಳ ಹಿಂದೆ. ಕೆಲಸ ಖಾಲಿಯಿದೆ ಎಂದು ಮನೆಯಲ್ಲಿ ಬಾಯಿಬಿಟ್ಟವಳೂ ದೊಡ್ಡವಳೇ.

ಆಸ್ಪತ್ರೆಗೆ ಹನ್ನೆರಡು ವಾರ್ಡುಗಳು. ಅವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮಾರಾಟಗಾರರಿಂದ ಕಂಪ್ಯೂಟರ್ ಕೊಂಡಿದ್ದವು. ಕಂಪ್ಯೂಟರು ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದನ್ನು ಪ್ರತಿಯೊಬ್ಬ ಮಾರಾಟಗಾರನೂ ತನಗೆ ತೋಚಿದಂತೆ ಗೊತ್ತುಮಾಡಿದ್ದ. ಹೆರಿಗೆ ವಾರ್ಡಿನಲ್ಲಿ ಇನ್ನೂರ ಇಪ್ಪತ್ತೆಂಟು ಎಂದರೆ ‘ಳ’, ಮೂಳೆ ವಾರ್ಡಿನಲ್ಲಿ ಅದೇ ಸಂಖ್ಯೆ ‘ಬ’. ಒಂದು ವಾರ್ಡಿನ ಫೈಲನ್ನು ಇನ್ನೊಂದರಲ್ಲಿ ತೆರೆದರೆ ಶಾಯಿಯಲ್ಲಿ ಬಿದ್ದೆದ್ದ ಇರುವೆಗಳು ಪರದೆಯ ಮೇಲೆ ಓಡಾಡಿದಂತೆ ಕಾಣುತ್ತಿತ್ತು.

ಆ ಇರುವೆಸಾಲನ್ನು ದೊಡ್ಡ ಸೊಸೆ ಕಣ್ಣಿನಲ್ಲೇ ಓದುತ್ತಿದ್ದಳು. “ಫೈಲು ಕೆಟ್ಟಿದೆ, ಮೇಡಮ್ಮನ್ನ ಕರೀರಿ” ಎನ್ನುವುದು ವಾರ್ಡುಗಳಲ್ಲಿ ರೂಢಿಯ ಮಾತಾಗಿತ್ತು. ಅವಳು ಬಂದು, ಕನ್ನಡಕ ಏರಿಸಿಕೊಂಡು, ಅಕ್ಕಪಕ್ಕದ ಮನೆಯ ಸುದ್ದಿ ಹೇಳಿದಷ್ಟು ಸಲೀಸಾಗಿ ಓದಿ ಹೇಳುವಾಗ ಡಾಕ್ಟರುಗಳು ಎದ್ದು ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವಳೇ ಬರೆದ ಪ್ರೋಗ್ರಾಮೂ ಒಂದಿತ್ತು. ನಾಲ್ಕು ಸಾವಿರ ಸಾಲು. ಈ ಸಂಖ್ಯೆಯಾದರೆ ಇದು, ಇಲ್ಲದಿದ್ದರೆ ಅದು ಎಂದು ಮುಗಿಯದ ಮೆಟ್ಟಿಲು. ಅದನ್ನು ಹತ್ತುವ ಧೈರ್ಯ ಅವಳೊಬ್ಬಳಿಗೆ ಮಾತ್ರ.

ಚಿಕ್ಕವಳು ಅದನ್ನು ಎರಡು ದಿನ ಓದಿ, “ಅಕ್ಕ, ಹನ್ನೆರಡು ಜನ ಒಬ್ಬೊಬ್ಬರೂ ಉಳಿದ ಹನ್ನೊಂದು ಜನರ ಭಾಷೆ ಕಲಿಯೋದು ಯಾಕೆ? ಎಲ್ಲರೂ ನಡುವಿನ ಒಂದು ಭಾಷೆ ಕಲಿತರೆ ಸಾಕಲ್ವಾ?” ಎಂದಿದ್ದಳು. ಅವಳ ಪ್ರೋಗ್ರಾಮಿನಲ್ಲಿ ಮೊದಲು ಒಂದು ಮೂಲ ಕ್ಲಾಸ್, ಅಂದರೆ ಉಳಿದವುಗಳಿಗೆ ಮಾದರಿಯಾಗುವ ತುಂಡು, ಇತ್ತು. ತನ್ನ ಸಂಖ್ಯೆಗಳನ್ನು ನಡುವಿನ ಭಾಷೆಗೆ ತಿರುಗಿಸಬೇಕು, ಅಲ್ಲಿಂದ ಮರಳಿ ತರಬೇಕು ಎಂಬ ಎರಡೇ ಕರ್ತವ್ಯಗಳನ್ನು ಅದು ಸಾರುತ್ತಿತ್ತು. ಅದರ ಕೆಳಗೆ ವಾರ್ಡಿಗೊಂದರಂತೆ ಹನ್ನೆರಡು ಸಣ್ಣ ಕ್ಲಾಸ್‌ಗಳು, ಪ್ರತಿಯೊಂದರ ಮಡಿಲಲ್ಲಿ ಅದರದೇ ಪಟ್ಟಿ. ನೂರ ಮೂವತ್ತೆರಡು ದಾರಿಗಳ ಬದಲು ಇಪ್ಪತ್ತನಾಲ್ಕು. ದೊಡ್ಡವಳು ಕಾಲೇಜಿನಲ್ಲಿ ಗಣಿತ ಓದಿದವಳು. ಸರಿಯಾದದ್ದನ್ನು ನೋಡಿದ ತಕ್ಷಣ ಗುರುತಿಸಬಲ್ಲಳು. ಅವಳ ಹೊಟ್ಟೆ ಉರಿದದ್ದು ಅದಕ್ಕೇ. ತಪ್ಪಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

ಮನೆಯಲ್ಲೂ ಅದೇ ಮಾತು. ಊಟಕ್ಕೆ ಕುಳಿತಾಗ ಅತ್ತೆ, “ನಮ್ಮ ಚಿಕ್ಕವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿಲ್ಲ, ಆಸ್ಪತ್ರೇಲಿ ಎಲ್ಲರ ಬಾಯಲ್ಲೂ ಇವಳದೇ ಹೆಸರಂತೆ!” ಎಂದರು.

“ಹನ್ನೆರಡು ವಾರ್ಡೂ ಒಂದೇ ಏಟಿಗೆ!” ಎಂದ ದೊಡ್ಡವಳ ಗಂಡ, ಹೆಂಡತಿಯ ಕಡೆ ತಿರುಗಿ, “ನಿನಗೆ ಎಷ್ಟು ಸಮಯ ಹಿಡೀತು?” ಎಂದು ಕೇಳಿದ.

“ಹತ್ತೊಂಬತ್ತು ವರ್ಷ,” ಎಂದಳು. ಅದನ್ನು ಹಾಸ್ಯವೆಂದುಕೊಂಡು ಎಲ್ಲರೂ ನಕ್ಕರು. ಚಿಕ್ಕವಳು ಮಾತ್ರ ನಗಲಿಲ್ಲ. ಅದೂ ದೊಡ್ಡವಳಿಗೆ ಸೇರಲಿಲ್ಲ.

ಹಾಗಾಗಿ ಅವಳು ಕೊಟ್ಟದ್ದು ಮಾರಾಟಗಾರರು ಮೊದಲ ದಿನ ಒಪ್ಪಿಸಿದ್ದ ಹಳೆಯ ಪಟ್ಟಿಗಳನ್ನು. ಆಮೇಲೆ ಒಂದೊಂದೇ ಕಂಡುಹಿಡಿದು ತಿದ್ದಿದ್ದೆಲ್ಲ ನೀಲಿ ನೋಟ್‌ಬುಕ್ಕಿನಲ್ಲಿತ್ತು. ಅಲ್ಲಲ್ಲಿ ಅಕ್ಷರ ಹೆಚ್ಚುಕಡಿಮೆಯಾಗಿ ಬರುತ್ತದೆ, ಹುಡುಗಿ ಪೆಚ್ಚಾಗಿ ನಿಲ್ಲುತ್ತಾಳೆ, ‘ಅಕ್ಕ’ ಎಂದು ಬರುತ್ತಾಳೆ. ಆಗ ಕೊಟ್ಟರಾಯಿತು. ಒಂದು ತಿಂಗಳಿನಿಂದ ಈ ದೃಶ್ಯ ಅವಳ ಕಣ್ಣ ಮುಂದೆ ಎಷ್ಟು ಸಲ ಬಂದಿತ್ತೋ.

ಪ್ರದರ್ಶನ ಶುಕ್ರವಾರ ಬೆಳಿಗ್ಗೆ, ದೊಡ್ಡ ಡಾಕ್ಟರ ಕೊಠಡಿಯಲ್ಲಿ. ನೋಟ್‌ಬುಕ್ ದೊಡ್ಡವಳ ಕೈಚೀಲದಲ್ಲಿತ್ತು. ಬೇಕಾದೀತು ಎಂದು ತಾನೇ ಇಟ್ಟುಕೊಂಡಿದ್ದಳು. ಚಿಕ್ಕವಳು ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಸರಿಸುತ್ತ ಹೋದಾಗ ಪ್ರತಿ ಕ್ಲಾಸಿನ ನೆತ್ತಿಯ ಮೇಲೂ ‘ಪಟ್ಟಿ: ಅಕ್ಕನದು’ ಎಂಬ ಸಾಲು ಹಾದುಹೋಯಿತು. ದೊಡ್ಡವಳು ಕಿಟಕಿಯ ಕಡೆ ನೋಡಿದಳು.

ನಲವತ್ತು ಸೆಕೆಂಡಿನಲ್ಲಿ ಒಂದು ಲಕ್ಷ ದಾಖಲೆಗಳು ತಿರುಗಿ ಮುಗಿದವು. ಹಿರಿಯ ನರ್ಸ್ ಮೂಗಿನ ಮೇಲೆ ಬೆರಳಿಟ್ಟುಕೊಂಡರು. “ಇಷ್ಟು ದಿನ ಏನು ಗುಡ್ಡ ಕಡೀತಿದ್ವಿ ನಾವು!”

“ಸೋಮವಾರದಿಂದ ಎಲ್ಲಾ ವಾರ್ಡಿಗೂ ಇದೇ,” ಎಂದರು ದೊಡ್ಡ ಡಾಕ್ಟರು. ತುರ್ತು ವಾರ್ಡಿನ ಒಂದು ದಾಖಲೆ ತೆರೆಸಿ ತಾವೇ ಗಟ್ಟಿಯಾಗಿ ಓದತೊಡಗಿದರು. “ವಯಸ್ಸು ಮೂವತ್ತನಾಲ್ಕು. ಜ್ವರ. ಪೆನಿಸಿಲಿನ್. ಆಹಾ, ಎಷ್ಟು ಸ್ಪಷ್ಟ!”

ದೊಡ್ಡ ಸೊಸೆ ಪರದೆಯ ಹತ್ತಿರ ಸರಿದಳು. ಪೆನಿಸಿಲಿನ್ ಪದದ ಮುಂದೆ ಒಂದು ಅಕ್ಷರದಷ್ಟು ಜಾಗ ಖಾಲಿ ಉಳಿದಿತ್ತು. ಅಲ್ಲಿ ಒಂದು ದಪ್ಪ ಚುಕ್ಕೆ ಇರಬೇಕಿತ್ತು. ಚುಕ್ಕೆಯಿದ್ದರೆ ಈ ಔಷಧಿ ರೋಗಿಗೆ ಒಗ್ಗದು, ಕೊಡಬೇಡಿ ಎಂದು ಅರ್ಥ. ಇಲ್ಲದಿದ್ದರೆ ಕೊಡುತ್ತಿದ್ದೇವೆ ಎಂದು. ಹನ್ನೆರಡು ವರ್ಷದ ಹಿಂದೆ ಈ ನರ್ಸೇ ಬಂದು ಕೇಳಿದ್ದಕ್ಕೆ, ತುರ್ತು ವಾರ್ಡಿನ ಫಾಂಟಿನ ಸಂಖ್ಯೆಗಳ ಸಾಲಿನಲ್ಲಿ ಖಾಲಿ ಬಿದ್ದಿದ್ದ ನೂರ ನಲವತ್ತೊಂಬತ್ತನೇ ಮನೆಯಲ್ಲಿ ಆ ಚುಕ್ಕೆಯನ್ನು ಬರೆದು ಕೂರಿಸಿದವಳು ಅವಳೇ. ಹಳೆಯ ಪಟ್ಟಿಯಲ್ಲಿ ಆ ಮನೆಯ ಎದುರು ‘ಖಾಲಿ’ ಎಂದೇ ಇತ್ತು. ಪ್ರೋಗ್ರಾಮು ಪಟ್ಟಿಯ ಮಾತನ್ನೇ ಕೇಳಿ, ಚುಕ್ಕೆಯಿದ್ದ ಕಡೆಯೆಲ್ಲ ಖಾಲಿ ಜಾಗ ಬಿಟ್ಟಿತ್ತು.

“ಚುಕ್ಕೆ ಇಲ್ಲ,” ಎಂದಳು ದೊಡ್ಡವಳು.

ನರ್ಸ್ ಬಗ್ಗಿ ನೋಡಿ, “ಅಯ್ಯೋ ಸಾರ್, ಹೌದು! ಚುಕ್ಕೆನೇ ಬಂದಿಲ್ಲ!” ಎಂದು ಕೂಗಿದರು.

ದೊಡ್ಡ ಡಾಕ್ಟರ ಮುಖ ಕೆಂಪೇರಿತು. “ಚುಕ್ಕೆ ಬಿಟ್ಟುಹೋದ್ರೆ ಮನುಷ್ಯ ಹೋಗ್ತಾನೆ, ಗೊತ್ತೇನಮ್ಮಾ? ಇದನ್ನ ಪರೀಕ್ಷೆ ಮಾಡಿದ್ದು ಯಾರು?”

“ನಾನೇ ಸಾರ್,” ಎಂದಳು ಚಿಕ್ಕವಳು. ಪರದೆಯ ಮೂಲೆಯಲ್ಲಿ ತುರ್ತು ವಾರ್ಡಿನ ಪಟ್ಟಿ ತೆರೆದೇ ಇತ್ತು. ಅವಳ ಕಣ್ಣು ‘ಖಾಲಿ’ ಎಂಬ ಪದದ ಮೇಲೆ ನಿಂತಿತು, ಅಲ್ಲಿಂದ ಅಕ್ಕನ ಮುಖಕ್ಕೆ ಬಂತು, ಮತ್ತೆ ನೆಲಕ್ಕಿಳಿಯಿತು.

“ಓಡಾಡೋದು ಮಾತ್ರ ಜೋರು! ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು ಇದ್ದಾರಲ್ಲ, ಅವರನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?”

ಕಣ್ಣ ಮುಂದೆ ಕಟ್ಟಿಕೊಂಡಿದ್ದ ದೃಶ್ಯ ಇದೇ. ಹುಡುಗಿ ಪೆಚ್ಚಾಗಿ ನಿಂತಿದ್ದಳು. ತಪ್ಪು ಸಿಕ್ಕಿತ್ತು, ರೋಗಿಗಳಿಗೆ ಇನ್ನು ಅಪಾಯವಿರಲಿಲ್ಲ. ದೊಡ್ಡ ಸೊಸೆ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನೆ ಇದ್ದಳು ಕೂಡ. ಡಾಕ್ಟರು ಮೂರ್ನಾಲ್ಕು ಮಾತು ಆಡಿ ಮುಗಿಸಿ, ಕುರ್ಚಿ ಹಿಂದಕ್ಕೆ ತಳ್ಳಿ ಏಳುವವರೆಗೂ. ಚಿಕ್ಕವಳ ಹೆಬ್ಬೆರಳು ಪೆನ್‌ಡ್ರೈವಿನ ಮುಚ್ಚಳವನ್ನು ತೆಗೆಯುತ್ತಿತ್ತು, ಹಾಕುತ್ತಿತ್ತು, ತೆಗೆಯುತ್ತಿತ್ತು.

“ಅವಳು ಕೇಳಿದ್ದಳು ಸಾರ್,” ಎಂದಳು ದೊಡ್ಡವಳು. ಚೀಲದ ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತು. ಎಳೆದು ತೆಗೆದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. “ಚುಕ್ಕೆ ಇದರಲ್ಲಿದೆ. ನಾನು ಕೊಟ್ಟಿರಲಿಲ್ಲ.”

“ಮರೆತಿದ್ರಾ?” ಎಂದು ಕೇಳಿದರು ನರ್ಸ್, ತಪ್ಪಿಸಿಕೊಳ್ಳುವ ದಾರಿ ತೋರಿಸುವವರಂತೆ.

“ಇಲ್ಲ.”

ಸಂಜೆ ಮನೆಗೆ ಹದಿನೈದು ನಿಮಿಷದ ದಾರಿ. ದಿನವೂ ನಾಲ್ಕು ಹೆಜ್ಜೆ ಮುಂದೆ ಇರುತ್ತಿದ್ದ ಚಿಕ್ಕವಳು ಅಂದು ಪಕ್ಕದಲ್ಲೇ ನಡೆದಳು. ನೋಟ್‌ಬುಕ್ ಚಿಕ್ಕವಳ ಕಂಕುಳಲ್ಲಿತ್ತು.

ಬಾಗಿಲಲ್ಲೇ ಅತ್ತೆ, “ಏನಾಯ್ತೇ? ಎಲ್ಲರೂ ಮೆಚ್ಚಿದ್ರಾ?” ಎಂದರು.

“ಇನ್ನೂ ಒಂದು ವಾರ ಬೇಕು ಅತ್ತೆ,” ಎಂದಳು ಚಿಕ್ಕವಳು, ಚಪ್ಪಲಿ ಬಿಡುತ್ತ. “ಒಂದು ದೊಡ್ಡ ತಪ್ಪಿತ್ತು. ಅಕ್ಕ ಹಿಡಿದ್ರು.”

“ನೋಡಿದ್ಯಾ! ಪಳಗಿದ ಕೈ ಅಂದ್ರೆ ಅದು!” ಅತ್ತೆ ದೊಡ್ಡ ಸೊಸೆಯ ಬೆನ್ನು ತಟ್ಟಿದರು. ತಿಂಗಳುಗಟ್ಟಲೆ ಕಾದಿದ್ದ ಮಾತು. ಅದೂ ಚಿಕ್ಕವಳ ದಯೆಯಿಂದಲೇ ಬರಬೇಕಾಗಿತ್ತೇ ಎಂದುಕೊಂಡು ದೊಡ್ಡವಳು ನೆಟ್ಟಗೆ ಅಡುಗೆಮನೆಗೆ ಹೋದಳು. ಆಲೂಗಡ್ಡೆಯ ಸಿಪ್ಪೆ ದಪ್ಪದಪ್ಪವಾಗಿ ಬಿದ್ದಿತು.

ಸ್ವಲ್ಪ ಹೊತ್ತಿಗೆ ನಡುಮನೆಯಿಂದ ದನಿ ಬಂತು. “ಅಕ್ಕ, ಇಲ್ಲಿ ನಿಮ್ಮ ಬರಹ ತಿಳೀತಿಲ್ಲ. ಇದು ಒಂದಾ, ಏಳಾ?” ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಕೈ ಒರೆಸಿಕೊಂಡು ಹೋಗಿ, ಬಗ್ಗಿ ನೋಡಿದಳು. “ಒಂದು.”

ಚಿಕ್ಕವಳು ಲ್ಯಾಪ್‌ಟಾಪಿನಲ್ಲಿ ಒಂದನ್ನು ಒತ್ತಿದಳು. “ಮುಂದಿಂದು?”

“ನೂರ ಅರವತ್ತಮೂರು. ಅದು ಹೆರಿಗೆ ವಾರ್ಡಿಗೆ ಮಾತ್ರ.”

ಚಿಕ್ಕವಳು ಪರದೆಯಿಂದ ಕಣ್ಣೆತ್ತಲಿಲ್ಲ. ಮೇಜಿನ ಕೆಳಗಿನಿಂದಲೇ ಪಕ್ಕದ ಕುರ್ಚಿಯನ್ನು ಕಾಲಿನಿಂದ ದೂಡಿದಳು. ಅದು ನೆಲವನ್ನು ಕೆರೆಯುತ್ತ ಅರ್ಧ ಹೊರಗೆ ಬಂದು ನಿಂತಿತು.