ಖಾಲಿ ರಾಶಿಯ ಉಸಿರು

"ಹಾಗಾದ್ರೆ ಇದು ಯಾರ ಉಸಿರು?"

ಕೇಳಿದವಳು ಸಂಶೋಧಕಿ, ಕೇಳಿಸಿಕೊಳ್ಳಲು ಅಂಗಳದಲ್ಲಿ ಯಾರೂ ಇರಲಿಲ್ಲ. ಎದುರಿಗೆ ಒಡೆದ ಕಾಂಕ್ರೀಟಿನ ರಾಶಿ, ಅದಕ್ಕೆ ಮುಖ ಮಾಡಿ ನಿಂತ ರಾಡಾರ್, ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆ. ಕುಸಿದ ಕಟ್ಟಡದಡಿ ಸಿಕ್ಕಿಕೊಂಡವರ ಉಸಿರನ್ನು ಹುಡುಕುವ ಯಂತ್ರವದು. ಪರೀಕ್ಷೆಗೆಂದು ರಾಶಿಯೊಳಗಿನ ಕೊಳವೆಯಲ್ಲಿ ಮಲಗಬೇಕಾಗಿದ್ದ ಕಾವಲುಗಾರ, ಎಲ್ಲರ ಬಾಯಲ್ಲಿ ಕುಂಭಕರ್ಣ, ಆಗಷ್ಟೇ ಚಹಾ ಕುಡಿಯಲು ಎದ್ದುಹೋಗಿದ್ದ. ಗೆರೆ ಮಾತ್ರ ಅವನಿನ್ನೂ ಅಲ್ಲೇ ಇದ್ದಾನೆ ಎನ್ನುತ್ತಿತ್ತು.

ಅವಳು ಉಸಿರು ಬಿಗಿಹಿಡಿದಳು. ಗೆರೆ ಮಲಗಿತು. ಬಿಟ್ಟಳು, ಎದ್ದಿತು.

ಖಾಲಿ ರಾಶಿಯನ್ನು ಅಳೆಯುವಾಗ ಅಂಗಳದಲ್ಲಿ ನರಪಿಳ್ಳೆಯೂ ಇರಕೂಡದೆಂಬುದು ಅವಳ ಮಾರ್ಗದರ್ಶಕ ಪ್ರೊಫೆಸರರ ಕಟ್ಟಪ್ಪಣೆ. ಒಳಗೆ ಮನುಷ್ಯನಿದ್ದಾಗ ಮಾತ್ರ, ಅವನಿಗೇನಾದರೂ ಆದೀತೆಂದು, ಅವಳು ಯಂತ್ರದ ಬೆನ್ನಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಮುಂದಕ್ಕೆ ಹೋಗಬೇಕಾದ ರಾಡಾರ್ ಅಲೆ ಒಂದಿಷ್ಟು ಹಿಂದಕ್ಕೂ ಸೋರುತ್ತದೆ. ವರ್ಷಗಟ್ಟಲೆ ಯಂತ್ರ ಕಂಡುಹಿಡಿದದ್ದು ಅವಳನ್ನೇ. ಅಚ್ಚಾದ ಒಂದೊಂದು ಲೇಖನದಲ್ಲೂ ಇದ್ದದ್ದು ಅವಳದೇ ಎದೆಯ ಏರಿಳಿತ.

ಕುಂಭಕರ್ಣ ಮರಳಿ ಬಂದು ಕೊಳವೆಯೊಳಗೆ ತೂರಿಕೊಂಡ. ಅವಳು ಪರದೆಯನ್ನು ಗೋಡೆಯಾಚೆ ಒಯ್ದು ನೋಡಿದಳು. ಗೆರೆ ಮಿಸುಕಲಿಲ್ಲ.

"ಸಿಕ್ಕಿದ್ನೇನಮ್ಮ ನಾನು?" ಒಳಗಿನಿಂದ ಕೂಗಿದ.

"ಇಲ್ಲಣ್ಣ."

"ಹಂಗಾದ್ರೆ ಸತ್ತೋದೆ ಅನ್ನಿ. ನಮ್ಮನೆಯವಳಿಗೆ ಹೇಳ್ಬೇಡಿ, ಖುಷಿಪಟ್ಟಾಳು."

ಅವಳಿಗೆ ನಗು ಬರಲಿಲ್ಲ. ನೇರ ಪ್ರೊಫೆಸರರ ಕೋಣೆಗೆ ಹೋಗಿ, ನಾಳೆ ರಕ್ಷಣಾ ದಳದವರಿಗೆ ಯಂತ್ರ ಒಪ್ಪಿಸುವುದು ಬೇಡವೆಂದು ಕಂಡದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರಿಗೆಲ್ಲ ಹೇಳಿದೀಯ?"

"ಯಾರಿಗೂ ಇಲ್ಲ."

"ಒಳ್ಳೇದಾಯ್ತು. ನಿನ್ನ ಪಿಎಚ್‌ಡಿ ಕೈಗೆ ಬರೋವರೆಗೂ ತೆಪ್ಪಗಿರು. ಆಮೇಲೆ ಸರಿಮಾಡೋಣ."

"ಅಷ್ಟರಲ್ಲಿ ಎಲ್ಲಾದ್ರೂ ಕಟ್ಟಡ ಬಿದ್ರೆ ಸರ್? ಯಂತ್ರ ಹಿಡಿದವನ ಉಸಿರನ್ನೇ ನಂಬ್ಕೊಂಡು ಯಾರೂ ಇಲ್ಲದ ಕಡೆ ಅಗೀತಾ ಇರ್ತಾರೆ. ಪಕ್ಕದಲ್ಲಿ ಜೀವ ಹಿಡ್ಕೊಂಡಿರೋರು..."

"ನಿನ್ನ ಜೀವ ನೋಡ್ಕೊ ಮೊದಲು. ಈ ಪಿಎಚ್‌ಡಿ ಬಿದ್ರೆ ನಿನಗೆ ಇನ್ನೊಂದಿಲ್ಲ. ನಿಮ್ಮಪ್ಪ ಫೋನ್ ಮಾಡಿದಾಗೆಲ್ಲ ಕೇಳ್ತಾರೆ, ಮಗಳು ಡಾಕ್ಟರ್ ಆದ್ಲಾ ಅಂತ. ಏನು ಹೇಳ್ಲಿ?"

ಅವಳು ನೆಲ ನೋಡಿದಳು. ಅಪ್ಪ ಊರೆಲ್ಲ ಹೇಳಿಕೊಂಡು ಬಂದಾಗಿತ್ತು.

ಪ್ರೊಫೆಸರರ ದನಿ ಮೆತ್ತಗಾಯಿತು. "ನೋಡು ಮಗಳೇ, ನಾಳೆ ನೀನು ಬಾಯಿ ಬಿಡೋದೇ ಬೇಡ. ಮಾತಾಡೋಕೆ ನಾನಿದೀನಿ. ಯಂತ್ರದ ಹಿಂದೆ ಕೂತ್ಕೊಂಡು ಸುಮ್ನೆ ಉಸಿರಾಡು, ಸಾಕು."

"ಕೂರಲ್ಲ ಸರ್."